ಕಬ್ಬಿನ ಗದ್ದೆ, ಉಕ್ಕಿನ ಕಾರ್ಖಾನೆ: ಅಮೆರಿಕದ ಫುಟ್‌ಬಾಲ್ ಊರುಗಳು ಹುಟ್ಟಿದ್ದು ಹೇಗೆ?

2009ರ ಫೆಬ್ರವರಿ 1, ಫ್ಲೋರಿಡಾದ ಟ್ಯಾಂಪಾದಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕದ ಫುಟ್‌ಬಾಲ್ ಲೀಗಿನ ಅಂತಿಮ ಪಂದ್ಯ. ಮುಗಿಯಲು ಒಂದು ನಿಮಿಷವೂ ಇಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸಾಂಟೋನಿಯೊ ಹೋಮ್ಸ್ ಮೈದಾನದ ಮೂಲೆಯಲ್ಲಿ ಎದುರಾಳಿಗಳ ನಡುವೆ ಕೈ ಚಾಚಿ ಚೆಂಡು ಹಿಡಿದರು. ಮೈ ಗೆರೆಯಾಚೆ ವಾಲಿತ್ತು, ಎರಡೂ ಕಾಲಿನ ತುದಿಬೆರಳು ಮಾತ್ರ ಗೆರೆಯೊಳಗೆ ಹುಲ್ಲಿಗೆ ತಾಗಿದ್ದವು. ಅಷ್ಟು ಸಾಕಾಯಿತು. ಸ್ಟೀಲರ್ಸ್ 27-23ರಿಂದ ಗೆದ್ದಿತು. ಸೋತ ಅರಿಜೋನಾ ತಂಡದಲ್ಲಿದ್ದವರು ಆಂಕ್ವಾನ್ ಬೋಲ್ಡಿನ್. ಹೋಮ್ಸ್ ಊರು ಬೆಲ್ ಗ್ಲೇಡ್, ಬೋಲ್ಡಿನ್ ಊರು ಪಹೋಕಿ. ಎರಡೂ ಫ್ಲೋರಿಡಾದ ಓಕೀಚೋಬಿ ಸರೋವರದ ದಡದಲ್ಲಿರುವ ಅಕ್ಕಪಕ್ಕದ ಊರುಗಳು. ಒಂದರ ಜನಸಂಖ್ಯೆ ಸುಮಾರು 17 ಸಾವಿರ, ಇನ್ನೊಂದರದ್ದು 6 ಸಾವಿರವೂ ಇಲ್ಲ.

ಇಂಥ ಪುಟ್ಟ ಊರುಗಳಿಂದ ಇಷ್ಟೊಂದು ಆಟಗಾರರು ಬರುವುದು ಹೇಗೆ? ಅದನ್ನು ನೋಡುವ ಮೊದಲು ಒಂದು ಮಾತು. ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಹುಡುಗರನ್ನು ತಾನೇ ಬೆಳೆಸುವುದಿಲ್ಲ. ಹೈಸ್ಕೂಲಿನಲ್ಲಿ ಆಡಿದವರನ್ನು ವಿಶ್ವವಿದ್ಯಾಲಯಗಳು ಸ್ಕಾಲರ್‌ಶಿಪ್ ಕೊಟ್ಟು ಕರೆದೊಯ್ಯುತ್ತವೆ. ಅಲ್ಲಿ ಮಿಂಚಿದವರಿಗೆ ಎನ್‌ಎಫ್‌ಎಲ್. ಹಾಗಾಗಿ ಹದಿನಾರು-ಹದಿನೇಳರ ಹುಡುಗನ ಮನೆ ಬಾಗಿಲಿಗೆ ಕಾಲೇಜು ಕೋಚ್ ಬಂದು ನಿಲ್ಲುತ್ತಾನೆ. ಇದಕ್ಕೇ ರಿಕ್ರೂಟಿಂಗ್ ಅನ್ನುತ್ತಾರೆ. ಯಾವ ಊರಿಗೆ ಕೋಚ್ ಬರುತ್ತಾನೆ, ಯಾವ ಊರನ್ನು ದಾಟಿ ಹೋಗುತ್ತಾನೆ ಎಂಬುದರ ಮೇಲೆ ಎಷ್ಟೋ ಮನೆಗಳ ಹಣೆಬರಹ ನಿಂತಿದೆ.

ಬೆಲ್ ಗ್ಲೇಡ್ ಬಗ್ಗೆ ಪತ್ರಕರ್ತರು ಪದೇ ಪದೇ ಬರೆಯುವ ಒಂದು ಕಥೆಯಿದೆ. ಅಲ್ಲಿನ ಕಪ್ಪು ಮಣ್ಣಿಗೆ ಜನ 'ಮಕ್' ಅನ್ನುತ್ತಾರೆ. ಸುತ್ತಲೂ ಕಬ್ಬು. ಕಟಾವಿಗೆ ಮೊದಲು ಒಣ ಸೋಗೆಗೆ ಬೆಂಕಿ ಹಚ್ಚುತ್ತಾರೆ. ಉರಿಗೆ ಹೆದರಿ ಮೊಲಗಳು ಗದ್ದೆಯಿಂದ ಹೊರಗೆ ಹಾರುತ್ತವೆ. ಅಂಚಿನಲ್ಲಿ ಕಾದು ನಿಂತ ಹುಡುಗರು ಹೊಗೆಯಲ್ಲೇ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ, ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತಾರೆ. ಮೊಲ ಹಿಡಿದ ಕಾಲಿಗೆ ಚೆಂಡು ಹಿಡಿದು ಓಡುವುದು ಯಾವ ಲೆಕ್ಕ, ಅಲ್ವಾ?

ಮೊಲ ಹಿಡಿಯುವುದು ನಿಜ. ಆದರೆ ಅದನ್ನೇ ಕಾರಣ ಅಂದುಕೊಂಡರೆ ಊರಿನ ಉಳಿದ ಕಥೆಯೆಲ್ಲ ಮರೆಯಾಗುತ್ತದೆ. ಬೆಲ್ ಗ್ಲೇಡ್‌ನ ಘೋಷವಾಕ್ಯ 'ಮಣ್ಣೇ ಇವಳ ಭಾಗ್ಯ' ಅಂತ. ಆ ಭಾಗ್ಯ ಕೂಲಿಯವರದ್ದಾಗಲಿಲ್ಲ. 1928ರ ಚಂಡಮಾರುತದಲ್ಲಿ ಸರೋವರದ ದಂಡೆ ಒಡೆದು ಎರಡು ಸಾವಿರಕ್ಕೂ ಜಾಸ್ತಿ ಜನ ಸತ್ತರು. ಹೆಚ್ಚಿನವರು ಕಪ್ಪು ವರ್ಣೀಯ ಕೂಲಿಯಾಳುಗಳು. ಮಣ್ಣು ಕೂಡ ಅಲ್ಲಿ ಉಳಿಯುತ್ತಿಲ್ಲ. 1924ರಲ್ಲಿ ಕೃಷಿ ಸಂಶೋಧನಾ ಕೇಂದ್ರದವರು ಕೆಳಗಿನ ಬಂಡೆ ಮುಟ್ಟುವಂತೆ ಒಂದು ಕಾಂಕ್ರೀಟ್ ಕಂಬ ಹೂತರು. ಆಗ ಅದರ ತಲೆ ನೆಲದ ಮಟ್ಟಕ್ಕಿತ್ತು. ನೀರು ಬಸಿದು ಬೇಸಾಯ ಮಾಡಿದ ಹಾಗೆಲ್ಲ ಮಣ್ಣು ಕುಸಿಯಿತು. ಈಗ ಕಂಬ ಹೆಚ್ಚುಕಮ್ಮಿ ಆಳೆತ್ತರ ಹೊರಗೆ ನಿಂತಿದೆ. ಇಂಥ ಊರಲ್ಲಿ ಹುಡುಗನಿಗೆ ಹೊರಗೆ ಹೋಗಲು ಕಾಣುವ ದಾರಿ ಒಂದೆರಡೇ. ಗ್ಲೇಡ್ಸ್ ಸೆಂಟ್ರಲ್ ಮತ್ತು ಪಹೋಕಿ ಹೈಸ್ಕೂಲುಗಳ ನಡುವೆ ವರ್ಷಕ್ಕೊಮ್ಮೆ ನಡೆಯುವ 'ಮಕ್ ಬೌಲ್' ಪಂದ್ಯಕ್ಕೆ ಇಡೀ ಊರು ಸೇರುವುದು ಸುಮ್ನೆ ಅಲ್ಲ.

ಆದರೆ ಬಡತನ ಎಲ್ಲೆಡೆ ಇದೆ. ಎಲ್ಲ ಬಡ ಊರೂ ಫುಟ್‌ಬಾಲ್ ಊರಾಗುವುದಿಲ್ಲ. ಇನ್ನೇನು ಬೇಕು ಎಂದು ತಿಳಿಯಲು ಇನ್ನೂ ಹಿಂದಕ್ಕೆ, ಪಶ್ಚಿಮ ಪೆನ್ಸಿಲ್ವೇನಿಯಾಗೆ ಹೋಗಬೇಕು.

ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆ. ಆಟದ ಚರಿತ್ರೆಯ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ ತೆಗೆಯಿರಿ. ಜಾನಿ ಯುನೈಟಸ್, ಜೋ ನೇಮತ್, ಜೋ ಮೊಂಟಾನಾ, ಡ್ಯಾನ್ ಮರಿನೊ, ಜಿಮ್ ಕೆಲ್ಲಿ. ಎಲ್ಲರೂ ಪಿಟ್ಸ್‌ಬರ್ಗ್ ಸುತ್ತಮುತ್ತಲಿನವರು. ಕಲ್ಲಿದ್ದಲು ಗಣಿ, ಉಕ್ಕಿನ ಕಾರ್ಖಾನೆಗಳ ನೆಲ ಅದು. ಇಟಲಿ, ಪೋಲೆಂಡ್, ಹಂಗೇರಿಗಳಿಂದ ಬಂದ ವಲಸಿಗರು, ದಕ್ಷಿಣದಿಂದ ಬಂದ ಕಪ್ಪು ವರ್ಣೀಯರು ಅಲ್ಲಿ ಒಟ್ಟಿಗೆ ದುಡಿದರು. ಕಣಿವೆಗೊಂದು ಕಾರ್ಖಾನೆ, ಕಾರ್ಖಾನೆಗೊಂದು ಊರು, ಊರಿಗೊಂದು ಹೈಸ್ಕೂಲ್ ತಂಡ. ಅಪ್ಪಂದಿರು ಪಾಳಿ ಮುಗಿಸಿ ಶುಕ್ರವಾರ ರಾತ್ರಿ ಮೈದಾನಕ್ಕೆ ಬರುತ್ತಿದ್ದರು. ಅಂದರೆ ಕಷ್ಟವೂ ಇತ್ತು, ಜೊತೆಗೆ ಕೈಯಲ್ಲಿ ಸಂಬಳವೂ ಇತ್ತು. ಆ ಸಂಬಳದ ತೆರಿಗೆಯಲ್ಲಿ ಶಾಲೆ, ಮೈದಾನ, ಕೋಚ್ ಎಲ್ಲವೂ ನಡೆಯುತ್ತಿತ್ತು.

1980ರ ದಶಕದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಜನ ಗುಳೆ ಹೋದರು. ಅಲಿಕ್ವಿಪ್ಪಾ ಎಂಬ ಊರಿನಲ್ಲಿ 1930ರಲ್ಲಿ 27 ಸಾವಿರ ಜನರಿದ್ದರು. 2020ರಲ್ಲಿ ಉಳಿದವರು ಸುಮಾರು 9 ಸಾವಿರ. ಶಾಲೆಗಳಲ್ಲಿ ಮಕ್ಕಳೇ ಕಡಿಮೆಯಾದ ಮೇಲೆ ತಂಡ ಎಲ್ಲಿಂದ ಬರಬೇಕು?

ಜನ ಹೋದ ಕಡೆಗೆ ಆಟ ಹೋಯಿತು ಎಂದಷ್ಟೇ ಹೇಳಿದರೆ ಅರ್ಧ ಕಥೆ. ದಕ್ಷಿಣದಲ್ಲಿ ಆಟಗಾರರು ಮೊದಲೂ ಇದ್ದರು, ನೋಡುವವರು ಇರಲಿಲ್ಲ. ಇನ್ನೂ ನೇರವಾಗಿ ಹೇಳಬೇಕೆಂದರೆ, ನೋಡಿಯೂ ಕರೆಯುತ್ತಿರಲಿಲ್ಲ. 1960ರ ದಶಕದ ಬಹುಕಾಲ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಬಿಳಿಯರಷ್ಟೇ ಇದ್ದರು. ಕಪ್ಪು ವರ್ಣೀಯ ಹುಡುಗರು ಗ್ರ್ಯಾಂಬ್ಲಿಂಗ್, ಫ್ಲೋರಿಡಾ ಎ ಆಂಡ್ ಎಂ ಮುಂತಾದ ತಮ್ಮವರ ಕಾಲೇಜುಗಳಿಗೆ ಹೋಗಬೇಕಿತ್ತು, ಇಲ್ಲವೇ ಉತ್ತರಕ್ಕೆ. ಮಿಷಿಗನ್ ಸ್ಟೇಟ್ ಕೋಚ್ ಡಫಿ ಡಾರ್ಟಿ ಇದನ್ನು ಚೆನ್ನಾಗಿ ಬಳಸಿಕೊಂಡರು. ಟೆಕ್ಸಾಸ್‌ನ ಬ್ಯೂಮಾಂಟ್‌ನಲ್ಲಿ ಹೈಸ್ಕೂಲ್ ಕೋಚ್ ಒಬ್ಬರ ಮಗ ಬಬ್ಬಾ ಸ್ಮಿತ್ ಇದ್ದ. ದೈತ್ಯ ಮೈಕಟ್ಟಿನ ಹುಡುಗ. ತನ್ನದೇ ರಾಜ್ಯದ ವಿಶ್ವವಿದ್ಯಾಲಯದ ತಂಡದಲ್ಲಿ ಅವನಿಗೆ ಜಾಗವಿರಲಿಲ್ಲ. ಡಾರ್ಟಿ ಅವನನ್ನು ಮಿಷಿಗನ್ನಿನ ಚಳಿಗೆ ಕರೆದೊಯ್ದರು. 1967ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಮೊದಲು ಕೂಗಿದ ಹೆಸರು ಅವನದ್ದೇ.

1970ರ ಸೆಪ್ಟೆಂಬರ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅಲಬಾಮಾಗೆ ಬಂದು 42-21ರಿಂದ ಗೆದ್ದಿತು. ಅದರ ಕಪ್ಪು ವರ್ಣೀಯ ಆಟಗಾರ ಸ್ಯಾಮ್ ಕನ್ನಿಂಗ್‌ಹ್ಯಾಮ್ ಎದುರು ಅಲಬಾಮಾ ವಿಶ್ವವಿದ್ಯಾಲಯದ ತಂಡಕ್ಕೆ ನಿಲ್ಲಲಾಗಲಿಲ್ಲ. ಆ ಒಂದೇ ರಾತ್ರಿಯಲ್ಲಿ ದಕ್ಷಿಣ ಬದಲಾಯಿತು ಎಂಬ ಕಥೆ ಜನಪ್ರಿಯ. ನನಗೆ ಅದು ಸ್ವಲ್ಪ ಉಪ್ಪು-ಖಾರ ಹಚ್ಚಿದ ಕಥೆ ಅನಿಸುತ್ತದೆ. ವಿಲ್ಬರ್ ಜಾಕ್ಸನ್ ಎಂಬ ಕಪ್ಪು ವರ್ಣೀಯ ಹುಡುಗನಿಗೆ ಅಲಬಾಮಾ ಅಷ್ಟರಲ್ಲಾಗಲೇ ಸ್ಕಾಲರ್‌ಶಿಪ್ ಕೊಟ್ಟಾಗಿತ್ತು. ಅಂದಿನ ನಿಯಮದಂತೆ ಮೊದಲ ವರ್ಷದವನಾದ ಅವನು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ, ಅಷ್ಟೇ. ಏನೇ ಇರಲಿ, ಕೆಲವೇ ವರ್ಷಗಳಲ್ಲಿ ದಕ್ಷಿಣದ ಹುಡುಗರು ದಕ್ಷಿಣದಲ್ಲೇ ಉಳಿಯತೊಡಗಿದರು.

ಈ ಎರಡೂ ಕಾಲವನ್ನು ನೋಡಿದ ಒಬ್ಬ ಮನುಷ್ಯನಿದ್ದರು, ಹೋವರ್ಡ್ ಷ್ನೆಲನ್‌ಬರ್ಗರ್. 1961ರಲ್ಲಿ ಅಲಬಾಮಾದ ಸಹಾಯಕ ಕೋಚ್ ಆಗಿ ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್‌ಗೆ ಹೋಗಿ ಜೋ ನೇಮತ್‌ನನ್ನು ಒಪ್ಪಿಸಿ ಕರೆತಂದವರು ಅವರೇ. 1979ರಲ್ಲಿ ಮಯಾಮಿ ವಿಶ್ವವಿದ್ಯಾಲಯಕ್ಕೆ ಮುಖ್ಯ ಕೋಚ್ ಆಗಿ ಬಂದಾಗ ಅವರು ದೂರ ಹೋಗಲಿಲ್ಲ. ದಕ್ಷಿಣ ಫ್ಲೋರಿಡಾಕ್ಕೊಂದು ಗೆರೆ ಎಳೆದು, ಇದು 'ಮಯಾಮಿ ರಾಜ್ಯ', ಇಲ್ಲಿನ ಹುಡುಗರು ನಮಗೇ ಎಂದರು. ಬಡ ಬಡಾವಣೆಗಳ ಮನೆಗಳಿಗೇ ಹೋದರು. ಹಾಗೆ ಕಟ್ಟಿದ ತಂಡ 1983ರ ಋತುವಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಮೇಲೆ ದೇಶದ ಕೋಚ್‌ಗಳೆಲ್ಲ ಫ್ಲೋರಿಡಾಕ್ಕೆ ದಾಳಿಯಿಟ್ಟರು. ಇದರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಇನ್ನೂ ಮುಂದಿತ್ತು. 1977ರಷ್ಟು ಹಿಂದೆಯೇ ಪಹೋಕಿಯಿಂದ ರಿಕಿ ಜಾಕ್ಸನ್‌ನನ್ನು ಕರೆದೊಯ್ದಿತ್ತು. ಮುಂದೆ ಆತ ವೃತ್ತಿಪರ ಆಟದ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ.

ನಿಯಮವೊಂದು ಇದಕ್ಕೆ ಬಲ ಕೊಟ್ಟಿತು. ಮೊದಲು ದೊಡ್ಡ ತಂಡಗಳು ಬೇಕಾದಷ್ಟು ಹುಡುಗರಿಗೆ ಸ್ಕಾಲರ್‌ಶಿಪ್ ಕೊಟ್ಟು ಗುಡ್ಡೆ ಹಾಕಿಕೊಳ್ಳುತ್ತಿದ್ದವು. ಎದುರಾಳಿಗೆ ಸಿಗದಿದ್ದರೆ ಸಾಕು, ತಾವು ಆಡಿಸದಿದ್ದರೂ ಸರಿ. 1973ರಲ್ಲಿ ತಂಡಕ್ಕೆ 105 ಸ್ಕಾಲರ್‌ಶಿಪ್‌ಗಳ ಮಿತಿ ಬಂತು. ಅದು 95ಕ್ಕೆ, 1990ರ ದಶಕದಲ್ಲಿ 85ಕ್ಕೆ ಇಳಿಯಿತು. ಮಿಕ್ಕ ಹುಡುಗರು ಬೇರೆ ತಂಡಗಳಿಗೂ ಸಿಗತೊಡಗಿದರು.

ಟೆಕ್ಸಾಸ್‌ನದು ಬೇರೆಯೇ ದಾರಿ. ಅಲ್ಲಿ ಬಡತನಕ್ಕಿಂತ ದುಡ್ಡಿನ ಮಾತು ದೊಡ್ಡದು. ಸರ್ಕಾರಿ ಶಾಲೆಗಳ ಕೋಚ್‌ಗಳು ಪೂರ್ಣಾವಧಿ ನೌಕರರು, ಬೇಸಿಗೆಗೆ ಮುಂಚೆಯೂ ಅಭ್ಯಾಸಕ್ಕೆ ಅವಕಾಶವಿದೆ. ಡಲ್ಲಾಸ್ ಪಕ್ಕದ ಆಲನ್‌ನಲ್ಲಿ 2012ರಲ್ಲಿ 6 ಕೋಟಿ ಡಾಲರ್ ಸುರಿದು 18 ಸಾವಿರ ಆಸನಗಳ ಹೈಸ್ಕೂಲ್ ಸ್ಟೇಡಿಯಂ ಕಟ್ಟಿದರು. ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಮುಚ್ಚಿ ರಿಪೇರಿ ಮಾಡಬೇಕಾಯಿತು! ಆ ಕಡೆ ನೆಲೆಸಿರುವ ಕನ್ನಡಿಗರಿಗೆ ಶುಕ್ರವಾರ ರಾತ್ರಿಯ ಟ್ರಾಫಿಕ್ ಏಕೆಂದು ಹೇಳಬೇಕಿಲ್ಲ.

ಈಗ ಊರು ಹುಡುಕಿಕೊಂಡು ಕಾರಿನಲ್ಲಿ ಅಲೆಯುವ ಕಾಲ ಹೋಯಿತು. ಹುಡುಗನ ಆಟದ ವಿಡಿಯೋ ಹಡಲ್ ತಾಣದಲ್ಲಿದ್ದರೆ ಯಾವ ಮೂಲೆಯ ಕೋಚ್ ಬೇಕಾದರೂ ನೋಡುತ್ತಾನೆ. ರಿವಲ್ಸ್, 247ಸ್ಪೋರ್ಟ್ಸ್ ಮುಂತಾದ ತಾಣಗಳು ಹುಡುಗರಿಗೆ ಸ್ಟಾರ್ ಕೊಟ್ಟು ಪಟ್ಟಿ ಮಾಡುತ್ತವೆ. ಹಾಗಾದರೆ ಸಣ್ಣ ಊರಿಗೆ ಲಾಭವಾಗಬೇಕಿತ್ತು. ಆದದ್ದು ಪೂರ್ತಿ ಹಾಗಲ್ಲ. ಫ್ಲೋರಿಡಾ 2016ರಲ್ಲಿ ಮಾಡಿದ ಕಾನೂನಿನಿಂದ ಮಕ್ಕಳು ಸೀಟಿರುವ ಯಾವ ಸರ್ಕಾರಿ ಶಾಲೆಗಾದರೂ ಹೋಗಿ ಕೂಡಲೇ ಆಡಬಹುದು. ಬ್ರಾಡೆಂಟನ್‌ನ ಐಎಂಜಿ ಅಕಾಡೆಮಿಯಂಥ ಖಾಸಗಿ ಶಾಲೆಗೆ ದೇಶದ ಎಲ್ಲೆಡೆಯಿಂದ ಹುಡುಗರು ಬಂದು ಸೇರುತ್ತಾರೆ. ಒಳ್ಳೆಯ ಆಟಗಾರನಿಗೆ ಹೈಸ್ಕೂಲ್ ಮಟ್ಟದಲ್ಲೇ ಊರು ಬಿಡುವ ಅವಕಾಶ ಸಿಕ್ಕಿತು, ಊರಿನ ತಂಡ ಬಡವಾಯಿತು. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಫೋಟೋ ಬಳಸಿ ದುಡಿಯಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು, ಒಂದೊಂದಕ್ಕೂ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಮಿತಿ. ಜೊತೆಗೆ ಕಾಲೇಜಿನಿಂದ ಕಾಲೇಜಿಗೆ ಜಿಗಿಯುವುದೂ ಸಲೀಸಾಗಿದೆ. ಪಳಗಿದ 21ರ ಆಟಗಾರ ಸಿಗುವಾಗ 17ರ ಹುಡುಗನನ್ನು ಕರೆತಂದು ತಿದ್ದುವ ತಾಳ್ಮೆ ಕೋಚ್‌ಗಳಿಗೂ ಕಡಿಮೆಯಾಗಿದೆ.

ಇಷ್ಟರ ನಡುವೆಯೂ ಅಲಿಕ್ವಿಪ್ಪಾ ಸೋತಿಲ್ಲ ಎಂಬುದು ನನಗೆ ಸೋಜಿಗ. ಮೈಕ್ ಡಿಟ್ಕಾ, ಟೈ ಲಾ, ಡರೆಲ್ ರೆವಿಸ್, ಒಂದೇ ಹೈಸ್ಕೂಲಿನಿಂದ ಮೂವರು ಹಾಲ್ ಆಫ್ ಫೇಮ್ ಸೇರಿದ್ದಾರೆ. ಕೊನೆಯ ಇಬ್ಬರು ಆಡಿದ್ದು ಕಾರ್ಖಾನೆ ಕುಸಿದ ಮೇಲೆ. ಮಕ್ಕಳ ಸಂಖ್ಯೆ ನೋಡಿದರೆ ಆ ಶಾಲೆ ರಾಜ್ಯದ ಅತಿ ಸಣ್ಣ ಶಾಲೆಗಳ ಸಾಲಿನದು. ಆದರೂ ತುಂಬ ಗೆಲ್ಲುತ್ತದೆ, ಹೊರಗಿನಿಂದ ಮಕ್ಕಳು ವರ್ಗವಾಗಿ ಬರುತ್ತಾರೆ ಎಂದು ಪೆನ್ಸಿಲ್ವೇನಿಯಾದ ಶಾಲಾ ಕ್ರೀಡಾ ಸಂಸ್ಥೆ ಅದನ್ನು ಇನ್ನೂ ದೊಡ್ಡ ಶಾಲೆಗಳ ವಿಭಾಗಕ್ಕೆ ತಳ್ಳಲು ಹೊರಟಿತು. ನೂರಾರು ಮಕ್ಕಳಿಂದ ಆರಿಸಿದ ತಂಡಗಳ ಮುಂದೆ ನಮ್ಮ ಹುಡುಗರು ಗಾಯಗೊಳ್ಳುತ್ತಾರೆ ಎಂದು ಶಾಲೆ ನ್ಯಾಯಾಲಯದ ಮೆಟ್ಟಿಲೇರಿತು. 2024ರಲ್ಲಿ ಬೀವರ್ ಕೌಂಟಿಯ ನ್ಯಾಯಾಧೀಶರು ತಡೆ ಕೊಟ್ಟರು, ಅಲಿಕ್ವಿಪ್ಪಾ ತನ್ನ ಹಳೆಯ ವಿಭಾಗದಲ್ಲೇ ಆಡಿತು.