ಅದಿರಿನ ಬೆಲೆ ಸ್ವಲ್ಪ ಇಳಿದರೂ ಗಣಿ ಷೇರು ಜೋರಾಗಿ ಬೀಳುವುದು ಯಾಕೆ?

ಹೊಸಪೇಟೆ ಕಡೆಯಿಂದ ಗದಗ, ಹುಬ್ಬಳ್ಳಿ ದಾಟಿ ಹೋಗುವ ಕಬ್ಬಿಣದ ಅದಿರಿನ ಗೂಡ್ಸ್ ಗಾಡಿಯನ್ನು ನಾವೆಲ್ಲ ನೋಡಿದ್ದೇವೆ. ಧಾರವಾಡದಲ್ಲಿ ಜೊತೆಗೆ ಓದುವ ಗೆಳೆಯರು ಆ ಅದಿರು ಅಗೆಯುವ ಕಂಪನಿಗಳ ಷೇರಿನ ಬಗ್ಗೆ ಪದೇ ಪದೇ ಕೇಳುವುದರಿಂದ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಇದು ಕಲ್ಪಿತ ಲೆಕ್ಕ, ತಲೆಯಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಒಂದು ಟನ್ ಅದಿರಿನ ಬೆಲೆ 5,000 ರೂಪಾಯಿ. ಅಗೆದು ಸಾಗಿಸುವ ಖರ್ಚು 4,000. ಲಾಭ 1,000. ಈಗ ಬೆಲೆ ಶೇ. 10 ಇಳಿದು 4,500 ಆಯಿತು. ಡೀಸೆಲ್, ಸಂಬಳ, ಯಂತ್ರಗಳ ಸಾಲದ ಬಡ್ಡಿ ಇಳಿಯುವುದಿಲ್ಲ. ಸರ್ಕಾರಕ್ಕೆ ಕಟ್ಟುವ ರಾಯಲ್ಟಿ ಮಾತ್ರ ಬೆಲೆಯ ಜೊತೆ ಸ್ವಲ್ಪ ತಗ್ಗುತ್ತದೆ, ಅದನ್ನು ಸದ್ಯಕ್ಕೆ ಬಿಡೋಣ. ಲಾಭ 500ಕ್ಕೆ ಬಂತು, ಅಂದರೆ ಅರ್ಧ! ಷೇರು ಕೊಳ್ಳುವವರು ನೋಡುವುದು ಈ ಲಾಭವನ್ನು. ಅದೂ ಇವತ್ತಿನದನ್ನಲ್ಲ, ಮುಂದೆ ಬರುವುದನ್ನು. ಹಾಗಾಗಿ ಚೀನಾದಲ್ಲಿ ಉಕ್ಕಿನ ಬೇಡಿಕೆ ತಗ್ಗುವ ಸುಳಿವು ಸಿಕ್ಕರೆ ಸಾಕು, ಇಲ್ಲಿನ ಷೇರು ಮೊದಲೇ ಇಳಿಯುತ್ತದೆ.

ಎರಡನೆಯದು ಸರ್ಕಾರದ ನಿರ್ಧಾರ. 2022ರ ಮೇ 20ರಂದು ಕರ್ನಾಟಕದ ಅದಿರು ರಫ್ತಿಗೆ ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟಿತು. ಮರುದಿನವೇ ಕೇಂದ್ರ ಸರ್ಕಾರ ಕಬ್ಬಿಣದ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು. ಸೋಮವಾರ ಮಾರುಕಟ್ಟೆ ತೆರೆದಾಗ ಕಬ್ಬಿಣದ ಅದಿರು ಅಗೆಯುವ ಸರ್ಕಾರಿ ಕಂಪನಿ ಎನ್‌ಎಂಡಿಸಿಯ ಷೇರು ಶೇ. 10ಕ್ಕೂ ಜಾಸ್ತಿ ಕುಸಿಯಿತು. ಆದರೆ ಎನ್‌ಎಂಡಿಸಿ ಹೆಚ್ಚಾಗಿ ಮಾರುವುದು ದೇಶದೊಳಗೇ ಅಲ್ವಾ? ಹೌದು. ಹೊರಗೆ ಹೋಗಬೇಕಿದ್ದ ಅದಿರು ಒಳಗೇ ಉಳಿದರೆ ಇಲ್ಲಿನ ಬೆಲೆಯೂ ಇಳಿಯುತ್ತದೆ. ಈ ಒಂದು ಕೊಂಡಿಯನ್ನು ಹಿಡಿದರೆ ಅರ್ಧ ಪಾಠ ಮುಗಿದಂತೆ. ಅದೇ ವರ್ಷದ ನವೆಂಬರ್‌ನಲ್ಲಿ ಆ ಏರಿಕೆಯನ್ನು ಹಿಂದಕ್ಕೆ ಪಡೆದರು.

ಗಣಿ ಅಗೆಯುವ ಅನುಮತಿಯ ವಿಷಯ ಇನ್ನೂ ಗಂಭೀರ. ನೆಲದಲ್ಲಿ ಖನಿಜ ಇದ್ದ ಮಾತ್ರಕ್ಕೆ ಅದು ಕಂಪನಿಯದಾಗುವುದಿಲ್ಲ. ನಮ್ಮ ಹಾವೇರಿ ಜಿಲ್ಲೆಯ ಗಣಜೂರನ್ನೇ ನೋಡಿ. ಡೆಕ್ಕನ್ ಗೋಲ್ಡ್ ಮೈನ್ಸ್ ಸಮೂಹ ಅಲ್ಲಿ ಚಿನ್ನ ಹುಡುಕಿ ಗಣಿ ಗುತ್ತಿಗೆಗೆ ಅರ್ಜಿ ಹಾಕಿತ್ತು. 2015ರಲ್ಲಿ ಗಣಿ ಗುತ್ತಿಗೆಯನ್ನು ಹರಾಜಿನ ಮೂಲಕ ಕೊಡುವ ನಿಯಮ ಬಂತು. ಗಣಿ ಕಾಯ್ದೆಯ 2021ರ ತಿದ್ದುಪಡಿಯಲ್ಲಿ ಬಾಕಿ ಇದ್ದ ಇಂಥ ಹಳೆಯ ಹಕ್ಕುಗಳೇ ರದ್ದಾದವು. ಇನ್ನೂ ಅಗೆಯದ ಗಣಿಯನ್ನು ನಂಬಿ ಷೇರು ಕೊಳ್ಳುವವರು ಮೊದಲು ಗುತ್ತಿಗೆ ಪತ್ರ ಇದೆಯೇ ಎಂದು ನೋಡಲೇಬೇಕು.

ಅಣೆಕಟ್ಟು ದುರಂತವೂ ಷೇರನ್ನು ಬೀಳಿಸುತ್ತದೆ. 2019ರ ಜನವರಿಯಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ವಾಲೆ ಕಂಪನಿಯ ಗಣಿ ತ್ಯಾಜ್ಯದ ಅಣೆಕಟ್ಟು ಒಡೆದು ಸುಮಾರು 270 ಜನ ಸತ್ತರು. ಮುಂದಿನ ವಹಿವಾಟಿನ ದಿನ ಷೇರು ಸುಮಾರು ಕಾಲು ಭಾಗ ಕಳೆದುಕೊಂಡಿತು.

ಕೆಲವೊಮ್ಮೆ ಬಿದ್ದಂತೆ ಕಾಣುತ್ತದೆ, ಬಿದ್ದಿರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಎನ್‌ಎಂಡಿಸಿ ಒಂದು ಷೇರಿಗೆ ಎರಡು ಬೋನಸ್ ಷೇರುಗಳನ್ನು ಉಚಿತವಾಗಿ ಕೊಟ್ಟಿತು. ಒಂದು ಷೇರು ಮೂರಾಯಿತು, ದರ ಮೂರನೇ ಒಂದಕ್ಕೆ ಹೊಂದಿಕೊಂಡಿತು. ಸುಮ್ನೆ ಗಾಬರಿಯಾಗುವ ಮೊದಲು ಬೋನಸ್, ಡಿವಿಡೆಂಡ್ (ಷೇರುದಾರರಿಗೆ ಕೊಡುವ ಲಾಭದ ಪಾಲು) ದಿನಾಂಕ ನೋಡಿ.

ಅಭ್ಯಾಸಕ್ಕೆ ಒಂದು ಕೆಲಸ. ಎನ್‌ಎಂಡಿಸಿ ತನ್ನ ಅದಿರಿನ ದರ ಬದಲಾದಾಗ ಷೇರುಪೇಟೆಗೆ ತಿಳಿಸುತ್ತದೆ. ಆ ದಿನಾಂಕಗಳನ್ನು ಒಂದು ಸಾಲಿನಲ್ಲಿ, ಅದಕ್ಕೂ ಒಂದು ವಾರ ಮೊದಲಿನ ಮತ್ತು ಆ ದಿನದ ಷೇರು ದರವನ್ನು ಪಕ್ಕದಲ್ಲಿ ಬರೆಯಿರಿ. ಯಾವುದು ಮೊದಲು ಇಳಿದಿದೆ ನೋಡಿ.