ಜಪಾನ್ ಆಳಂದ ದಾಟಿದ ಮ್ಯಾಲ ಬರ್ತದೇನ್ರಿ?

ಕಲಬುರಗಿಯ ನಮ್ಮ ಬಾಲವಾಡಿಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಅವತ್ತು ನಾನು ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿ, ಜಪಾನಿನ ಬಾವುಟ ತೋರಿಸಿ, ಅರ್ಧ ತಾಸು ಮಾತಾಡಿದ್ದೆ. ಅವಳಿಗೆ ಗೊತ್ತಿರುವ ಎಲ್ಲಕ್ಕಿಂತ ದೂರದ ಊರು ಅಂದರೆ ಅಜ್ಜಿ ಇರುವ ಆಳಂದ. ಅದಕ್ಕಿಂತ ಆಚೆ ಏನಿದ್ದರೂ ಆಳಂದ ದಾಟಿಯೇ ಬರಬೇಕು. ಅವಳ ಲೆಕ್ಕ ಸರಿ ಇತ್ತು. ಎಡವಿದ್ದು ನನ್ನ ಪಾಠ.

ಮೂರರಿಂದ ಆರು ವರ್ಷದ ಮಕ್ಕಳಿಗೆ ದೇಶ ಅನ್ನೋದು ಕೈಗೆ ಸಿಗುವ ಮಾತಲ್ಲ. ಬಾವುಟಕ್ಕೆ ಬಣ್ಣ ತುಂಬಿ ಮನೆಗೆ ಹೋದ ಮಗುವನ್ನು ಮರುದಿನ ಕೇಳಿ ನೋಡಿ. ‘ಕೆಂಪು ಗುಂಡು’ ಅನ್ನುತ್ತದೆ. ದೇಶದ ಹೆಸರು ನೆನಪಿರೋದಿಲ್ಲ. ಹಾಗಾಗಿ ಈಗ ನಾನು ಒಂದು ವಾರಕ್ಕೆ ಒಂದೇ ದೇಶ ಇಟ್ಟುಕೊಳ್ಳುತ್ತೇನೆ. ಅಲ್ಲಿಂದ ಒಂದು ವಸ್ತು, ಒಂದು ಆಟ ಸಾಕು. ಆ ವಸ್ತುವಿನ ನೆಂಟ ಮಗುವಿನ ಮನೆಯಲ್ಲೋ ಓಣಿಯಲ್ಲೋ ಇರಲೇಬೇಕು.

ಜಪಾನಿನಲ್ಲಿ ಮೇ 5 ಮಕ್ಕಳ ದಿನ. ಕಾರ್ಪ್ ಮೀನಿನ ಆಕಾರದ ಉದ್ದನೆ ಬಟ್ಟೆ ಚೀಲಗಳನ್ನು ಕೋಲಿಗೆ ಕಟ್ಟಿ ಮನೆ ಮುಂದೆ ಹಾರಿಸುತ್ತಾರೆ. ಹರಿವಿಗೆ ಎದುರಾಗಿ ಈಜುವ ಮೀನಿನ ಹಾಗೆ ಮಕ್ಕಳು ಗಟ್ಟಿಯಾಗಲಿ ಅನ್ನೋ ಹಾರೈಕೆ ಅದು. ಮೇ ತಿಂಗಳಲ್ಲಿ ನಮ್ಮಲ್ಲಿ ಸೂಟಿ, ಮೇಲೆ ಉರಿ ಬಿಸಿಲು. ಅದಕ್ಕೇ ನಾನು ಈ ಮೀನನ್ನು ಆಷಾಢಕ್ಕೆ ತರುತ್ತೇನೆ. ಆಗ ಗಾಳಿ ಸುಮ್ನೆ ಬಿಡೋದಿಲ್ಲ ಅಲ್ವಾ, ಅದೇ ನಮಗೆ ಬೇಕು.

ಹಳೆ ಪೇಪರನ್ನು ಕೊಳವೆಯಾಗಿ ಸುತ್ತಿ, ಬಾಯಿಗೆ ಸ್ವೀಟ್ ಡಬ್ಬಿಯ ರಟ್ಟಿನ ಪಟ್ಟಿ ಅಂಟಿಸಿ, ಬಾಲ ಕತ್ತರಿಸುವ ಕೆಲಸವನ್ನು ಹಿಂದಿನ ದಿನವೇ ಮುಗಿಸಿ ಇಡಿ. ಮಕ್ಕಳಿಗೆ ಬಿಡಬೇಕಾದದ್ದು ಮೀನಿನ ಹೊಟ್ಟೆಯ ಹುರುಪೆ. ಅರಿಶಿನದ ನೀರಿಗೂ ಬೀಟ್‌ರೂಟ್ ರಸಕ್ಕೂ ಹೆಬ್ಬೆಟ್ಟು ಅದ್ದಿ, ಒಂದರ ಪಕ್ಕ ಒಂದು ಒತ್ತುತ್ತಾ ಹೋಗಲಿ. ಕೆಲವು ಮಕ್ಕಳು ಎರಡು ಸಾಲಿಗೇ ಏಳುತ್ತಾರೆ, ಏಳಲಿ. 15 ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ಒಣಗಿದ ಮೇಲೆ ದಾರ ಕಟ್ಟಿ ಅಂಗಳಕ್ಕೆ ಬಿಟ್ಟರೆ ಆಯಿತು. ಮೀನಿನ ಹೊಟ್ಟೆಯೊಳಗೆ ಗಾಳಿ ಹೊಕ್ಕು ಅದು ಉಬ್ಬಿದ ಕೂಡಲೇ ಮಕ್ಕಳು ಓಡೋದನ್ನೂ ಮರೆತು ನಿಂತು ನೋಡುತ್ತಾರೆ. ಆ ಹೊತ್ತಿಗೆ ‘ಜಪಾನ್’ ಅನ್ನೋ ಹೆಸರು ಹೇಳಿ. ಅದು ಉಳಿಯುತ್ತದೆ.

ಆಟಕ್ಕೆ ನಮ್ಮ ಸ್ಟ್ಯಾಚೂ ಆಟದಂಥದ್ದೇ ಅಲ್ಲೂ ಇದೆ. ಒಬ್ಬರು ಗೋಡೆಗೆ ಮುಖ ಮಾಡಿ ಒಂದು ಸಾಲು ಹೇಳುತ್ತಾರೆ, ಉಳಿದವರು ಹಿಂದಿನಿಂದ ಹತ್ತಿರ ಬರುತ್ತಾರೆ. ತಿರುಗಿದಾಗ ಅಲುಗಿದವರು ಸಿಕ್ಕಿಬಿದ್ದ ಹಾಗೆ. ಈ ವಯಸ್ಸಿನವರನ್ನು ಮಾತ್ರ ‘ಔಟ್’ ಮಾಡಿ ಕೂರಿಸಬೇಡಿ. ಮತ್ತೆ ಗೆರೆಯಿಂದ ಶುರು ಮಾಡಲಿ.

ನನಗೆ ಜಾಸ್ತಿ ಇಷ್ಟವಾದದ್ದು ತೊಗರಿ ವಾರ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನೋ ಅಧಿಕೃತ ಗುರುತು, ಬಂತು, ಆ ಹೆಮ್ಮೆ ನಮಗೆಲ್ಲ ಇದೆ. ಇದೇ ತೊಗರಿಯನ್ನು ಪೂರ್ವ ಆಫ್ರಿಕಾದ ಕಡೆ ಮಲಾವಿ, ಮೊಜಾಂಬಿಕ್, ಟಾಂಜಾನಿಯಾದ ರೈತರೂ ಬೆಳೆಯುತ್ತಾರೆ. ಮಲಾವಿಯಲ್ಲಿ ಅದಕ್ಕೆ ‘ನಂಡೋಲೋ’ ಅಂತಾರೆ. ಎಳ್ಳಮವಾಸ್ಯೆಯ ಹೊತ್ತಿಗೆ ಹೊಲದಿಂದ ಹಸಿ ತೊಗರಿಕಾಯಿ ತರಿಸಿ, ಕುದಿಸಿ, ಮಕ್ಕಳ ಕೈಯಿಂದ ಸುಲಿಸುತ್ತೇವೆ. ಸುಲಿಯುತ್ತಾ ಸುಲಿಯುತ್ತಾ ನಂಡೋಲೋ, ನಂಡೋಲೋ ಅಂತ ಹಾಡೇ ಕಟ್ಟಿಬಿಡುತ್ತಾರೆ.

ಮೊದಮೊದಲು ನಾನು ಒಣ ಬೇಳೆ ಅಂಟಿಸಿ ಚಿತ್ರ ಮಾಡಿಸುತ್ತಿದ್ದೆ. ಒಂದು ದಿನ ಮೂರು ವರ್ಷದ ಹುಡುಗನೊಬ್ಬ ಒಂದು ಕಾಳನ್ನು ಮೂಗಿನೊಳಗೆ ಇಟ್ಟುಕೊಂಡ. ತೆಗೆಯಲು ಹೋದಷ್ಟೂ ಒಳಗೆ ಸರಿಯಿತು. ಒಣ ಕಾಳು ತೇವಕ್ಕೆ ಉಬ್ಬುತ್ತದೆ, ಆಮೇಲೆ ಇನ್ನೂ ಕಷ್ಟ. ಡಾಕ್ಟರ್ ತೆಗೆದರು, ಮಗು ಚೆನ್ನಾಗಿದೆ. ಆದರೆ ಆಟೋದಲ್ಲಿ ಅವನನ್ನು ತೊಡೆ ಮೇಲೆ ಕೂರಿಸಿಕೊಂಡು ಹೋದ ಆ ದಾರಿ ನಾನು ಮರೆತಿಲ್ಲ. ಅವತ್ತಿನಿಂದ ಈ ವಯಸ್ಸಿನವರ ಕೈಗೆ ಒಣ ಕಾಳು, ಮಣಿ, ಹುಣಸೆ ಬೀಜ ಕೊಡೋದಿಲ್ಲ. ಹಸಿ ಕಾಯಿ ಸುಲಿಯುವಾಗಲೂ ನಾಲ್ಕೈದು ಮಕ್ಕಳಿಗೆ ಒಬ್ಬ ಟೀಚರ್ ಪಕ್ಕದಲ್ಲೇ ಕೂರುತ್ತಾರೆ. ಗುಲಗಂಜಿಯನ್ನಂತೂ ತರಗತಿಗೆ ತರಲೇಬೇಡಿ. ನೋಡೋಕೆ ಚಂದ, ಆದರೆ ಕಡು ವಿಷ.

ಮಲಾವಿ ವಾರದ ಆಟ ಚೆಂಡಿನದು. ಆಫ್ರಿಕಾದ ಎಷ್ಟೋ ಊರುಗಳಲ್ಲಿ ಮಕ್ಕಳು ಪ್ಲಾಸ್ಟಿಕ್ ಚೀಲ, ಚಿಂದಿ ಬಟ್ಟೆ ಸುತ್ತಿ ಹಗ್ಗ ಬಿಗಿದು ಫುಟ್‌ಬಾಲ್ ಮಾಡಿಕೊಳ್ಳುತ್ತಾರೆ. ನಾವು ಹಳೆ ಸೀರೆಯ ಚಿಂದಿಯಲ್ಲಿ ಮಾಡುತ್ತೇವೆ. ಒಬ್ಬರ ಅಜ್ಜ ಬಂದು, ತಾನೂ ಚಿಕ್ಕವನಿದ್ದಾಗ ಹೀಗೇ ಕಟ್ಟುತ್ತಿದ್ದೆ ಅಂತ ಗಂಟು ಹಾಕೋದು ತೋರಿಸಿಕೊಟ್ಟರು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗ್ಯಾದರಿಂಗ್‌ನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಮಕ್ಕಳ ಮುಖಕ್ಕೆ ಕಪ್ಪು ಬಳಿದು, ಸೊಂಟಕ್ಕೆ ಹುಲ್ಲು ಕಟ್ಟಿ ‘ಆಫ್ರಿಕಾ ಡ್ಯಾನ್ಸ್’ ಮಾಡಿಸೋದನ್ನು ನಿಲ್ಲಿಸಿ. ಆಫ್ರಿಕಾ ಒಂದು ದೇಶವಲ್ಲ. ಅಲ್ಲಿ 54 ದೇಶಗಳಿವೆ, ಅಲ್ಲೂ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗುವ ಮಕ್ಕಳಿದ್ದಾರೆ. ನಾಲ್ಕು ವರ್ಷಕ್ಕೆ ಕಣ್ಣಲ್ಲಿ ಕೂತ ಚಿತ್ರ ಸುಲಭಕ್ಕೆ ಹೋಗೋದಿಲ್ಲ.

ಬೀದರಿನ ಟೀಚರ್‌ಗಳಿಗೆ ಇರಾನ್ ಬಹಳ ಹತ್ತಿರ. ಇರಾನಿನ ಗಿಲಾನಿನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ 1472ರದು. ಅದರ ಗೋಡೆಯ ಮೇಲೆ ಬಣ್ಣದ ಟೈಲ್ಸ್ ಇನ್ನೂ ಅಲ್ಲಲ್ಲಿ ಉಳಿದಿವೆ. ಅಂಗೈ ಅಗಲದ ಚೌಕ ಕಾಗದಕ್ಕೆ ಮಕ್ಕಳು ನೀಲಿ, ಹಳದಿ ಹಚ್ಚಲಿ. ಎಲ್ಲವನ್ನೂ ಕೂಡಿಸಿ ಒಂದೇ ಗೋಡೆಗೆ ಅಂಟಿಸಿ.

ನಮ್ಮ ಕಡೆ ಬಹಳ ಮನೆಗಳಲ್ಲಿ ಯಾರಾದರೂ ಒಬ್ಬರು ಗಲ್ಫ್‌ನಲ್ಲಿರುತ್ತಾರೆ. ಅವರನ್ನೂ ಕೇಳಿ. ಮೊನ್ನೆ ಅದೇ ಆಳಂದದ ಹುಡುಗಿಯ ಕಾಕಾನಿಗೆ ತರಗತಿಯಿಂದಲೇ ವಿಡಿಯೋ ಕಾಲ್ ಮಾಡಿದೆವು. ದುಬೈ ರೂಮಿನ ಒಲೆ, ಕಿಟಕಿ, ತಾನೇ ಬಡಿದ ಜೋಳದ ರೊಟ್ಟಿ ತೋರಿಸಿದ. ಇಲ್ಲಿ ಹನ್ನೊಂದೂವರೆ, ಮಕ್ಕಳ ಊಟ ಆಗಿತ್ತು. ಅಲ್ಲಿ ಗಡಿಯಾರದಲ್ಲಿ ಹತ್ತು. ಟೀಚರ್ ಅದನ್ನು ಬೆರಳಿಟ್ಟು ತೋರಿಸಿದಾಗ ಅವಳು ಫೋನಿನ ಹತ್ತಿರ ಬಂದು ಕೇಳಿದಳು: “ಕಾಕಾ, ನಮ್ದು ಊಟಾನೇ ಆತು. ನೀ ಇನ್ನಾ ನಾಷ್ಟಾ ಮಾಡಿಲ್ಲೇನು?”