ಅಪ್ಪ ತೀರಿಕೊಂಡ್ಮೇಲೆ ಅಪ್ಪ ಕೊಟ್ಟ ಜಿಪಿಎ ನಡೀತದಾ?

ಪ್ರಶ್ನೆ: ಶಿರಸಿ ಹತ್ರ ಅಪ್ಪನ ಹೆಸರಲ್ಲಿ ಅಡಿಕೆ ತೋಟ ಇದೆ. ಅವರಿರುವಾಗ್ಲೇ ನಂಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದ್ರೆ ಅವರ ಪರವಾಗಿ ವ್ಯವಹಾರ ಮಾಡೋ ಅಧಿಕಾರಪತ್ರ) ರಿಜಿಸ್ಟರ್ ಮಾಡಿಕೊಟ್ಟಿದ್ರು, ಮಾರೋ ಅಧಿಕಾರನೂ ಇದೆ, 'ರದ್ದುಪಡಿಸಲಾಗದ್ದು' ಅಂತನೂ ಬರೆಸಿದ್ವಿ. ಈಗ ಅಪ್ಪ ಇಲ್ಲ. ಅಕ್ಕ ಮುಂಬೈಲಿ, ತಮ್ಮ ದುಬೈಲಿ. ಪಾರ್ಟಿ ರೆಡಿ ಇದೆ, ನಾನೊಬ್ನೇ ಸೈನ್ ಹಾಕಿ ಸೇಲ್ ಡೀಡ್ ಮಾಡಬಹುದಲ್ವಾ?

ಆಗೋದಿಲ್ಲ.

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೂ, ಇದೇ ಪ್ರಶ್ನೆ ಬರ್ತಾನೇ ಇರ್ತದೆ, ಒಮ್ಮೆ ತೋಟ, ಒಮ್ಮೆ ಗದ್ದೆ, ಒಮ್ಮೆ ಹೈವೇ ಬದಿ ಸೈಟು, ಉತ್ತರ ಮಾತ್ರ ಅದೇ. ಜಿಪಿಎ ಕೊಟ್ಟವರು ಹೋದ್ರೆ ಜಿಪಿಎನೂ ಹೋಯ್ತು. 1872ರ ಕಾಂಟ್ರಾಕ್ಟ್ ಆ್ಯಕ್ಟಿನ 201ನೇ ಸೆಕ್ಷನ್ ಹೇಳೋದು ಇದನ್ನೇ. ನೀವು ಸೈನ್ ಹಾಕ್ತಿದ್ದಿದ್ದು ಅಪ್ಪನ ಪರವಾಗಿ, ಈಗ ಯಾರ ಪರವಾಗಿ ಹಾಕ್ತೀರಿ?

ಇಷ್ಟು ಹೇಳಿದ ಕೂಡ್ಲೇ "ಆದ್ರೆ ರಿಜಿಸ್ಟರ್ ಆಗಿದೆಯಲ್ಲ" ಅಂತಾರೆ. ಆಗಿರ್ಲಿ ಮಾರಾಯ್ರೆ. ಅಪ್ಪನೇ ಬಂದು ಒಪ್ಪಿ ಸೈನ್ ಹಾಕಿದ್ರು ಅನ್ನೋದಕ್ಕೆ ಅದು ದಾಖಲೆ, ಅಷ್ಟೇ. "ರದ್ದುಪಡಿಸಲಾಗದ್ದು ಅಂತ ಬರೆದಿದೆಯಲ್ಲ" ಅನ್ನೋದು ಮುಂದಿನ ಬಾಣ. 202ನೇ ಸೆಕ್ಷನ್ನಲ್ಲಿ ಒಂದು ವಿನಾಯಿತಿ ಇರೋದು ಹೌದು, ಆದ್ರೆ ಅದು ಏಜೆಂಟನಿಗೆ, ಅಂದ್ರೆ ಜಿಪಿಎ ಪಡೆದವನಿಗೆ, ಆ ಆಸ್ತಿಯಲ್ಲಿ ಅವನದ್ದೇ ಹಿತ ಇದ್ದಾಗ ಮಾತ್ರ. ಕಾಯ್ದೆಯೇ ಉದಾಹರಣೆ ಕೊಡ್ತದೆ: ಸಾಲ ಮಾಡಿದವ ಸಾಲ ಕೊಟ್ಟವನಿಗೆ 'ನನ್ನ ಜಮೀನು ಮಾರಿ ನಿನ್ನ ಬಾಕಿ ಹಿಡ್ಕೋ' ಅಂತ ಅಧಿಕಾರ ಕೊಟ್ರೆ, ಆ ಅಧಿಕಾರ ಸಾವಿನಿಂದ ಹೋಗೋದಿಲ್ಲ. ನಿಮ್ಮಪ್ಪ ನಿಮ್ಮ ಹತ್ರ ಹಂಗೇನೂ ಸಾಲ ಮಾಡಿರ್ಲಿಲ್ಲ ತಾನೇ? ಮಗ ಅನ್ನೋ ಕಾರಣಕ್ಕೆ ಬರೋ ಪಾಲು ವಾರಸಾ ಹಕ್ಕು, ಅದರ ದಾರಿನೇ ಬೇರೆ. ಸ್ಟ್ಯಾಂಪ್ ಪೇಪರಲ್ಲಿ ದಪ್ಪ ಅಕ್ಷರದಲ್ಲಿ ಏನು ಟೈಪ್ ಮಾಡಿಸಿದ್ರೂ ಇದು ಬದಲಾಗೋದಿಲ್ಲ.

ಕೆಲವರು ಇನ್ನೂ ಮುಂದೆ ಹೋಗಿ "ಯಾರಿಗೆ ಗೊತ್ತಾಗ್ತದೆ, ಸಾವಿನ ಸುದ್ದಿ ಹೇಳದೇ ಮಾಡಿಸಿದ್ರಾಯ್ತು" ಅಂತಾರೆ. ಜಿಪಿಎ ಮೇಲೆ ಮಾರುವಾಗ ಕೊಟ್ಟವರು ಜೀವಂತ ಇದ್ದಾರೆ ಅಂತ ಬರೆದುಕೊಡಬೇಕಾಗ್ತದೆ, ಸಬ್ ರಿಜಿಸ್ಟ್ರಾರ್ ಎದುರು ಗೊತ್ತಿದ್ದೂ ಸುಳ್ಳು ಹೇಳಿದ್ರೆ ರಿಜಿಸ್ಟ್ರೇಷನ್ ಆ್ಯಕ್ಟಿನ 82ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೂ ಜೈಲು. ತಗೊಳ್ಳೋ ಪಾರ್ಟಿ ನಂಗೆ ಗೊತ್ತಿರ್ಲಿಲ್ಲ ಅಂತ ಕೋರ್ಟಲ್ಲಿ ಹೇಳಿ ಬಚಾವಾಗಬಹುದಾ ಅಂದ್ರೆ, ನಮ್ಮೂರ ಕಡೆ ತಗೊಳ್ಳೋರು ಸಾಮಾನ್ಯ ಪಕ್ಕದ ತೋಟದವರೇ, ಹನ್ನೆರಡನೇ ದಿನದ ಊಟಕ್ಕೆ ಬಂದು ಪಾಯಸ ಹಾಕಿಸಿಕೊಂಡು ಹೋದವರು.

ಜಿಪಿಎ ಕೈಲಿದ್ರೆ ನಾನೇ ಮಾಲೀಕ ಅನ್ನೋರಿಗೆ ಒಂದೇ ಸಾಲು: ಜಿಪಿಎಯಿಂದ ಮಾಲೀಕತ್ವ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಕೇಸಲ್ಲಿ ಹೇಳಿ ಮುಗಿಸಿದೆ.

ಈಗ ನೀವು ಮಾಡಬೇಕಾದ್ದು. ಉಯಿಲು ಇಲ್ಲ ಅಂದ್ರೆ ಅಮ್ಮ, ಅಕ್ಕ, ತಮ್ಮ, ನೀವು ಎಲ್ಲರೂ ಪಾಲುದಾರರು (ಅಕ್ಕನ ಮದುವೆ ಆಗಿದೆ ಅಂತ ಬಿಡೋ ಹಾಗಿಲ್ಲ). ಮೊದ್ಲು ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ ಪಹಣಿಗೆ ಎಲ್ಲರ ಹೆಸರು ತನ್ನಿ. ಆಮೇಲೆ ಅವರು ನಿಮಗೆ ಹೊಸ ಜಿಪಿಎ ಕೊಡ್ಲಿ. ಅಕ್ಕ ಇದಕ್ಕಾಗಿ ಘಟ್ಟ ಹತ್ತಿ ಬರೋದು ಬೇಡ, ಅವರಿರೋ ಕಡೆಯ ಸಬ್ ರಿಜಿಸ್ಟ್ರಾರ್ ಹತ್ರನೇ ಮಾಡಿಸಬಹುದು. ತಮ್ಮ ಅಲ್ಲಿನ ನೋಟರಿ ಅಥವಾ ಇಂಡಿಯನ್ ಕಾನ್ಸುಲೇಟಲ್ಲಿ ಮಾಡಿಸಿ ಒರಿಜಿನಲ್ ಕಳಿಸ್ಲಿ, ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ವಾಟ್ಸಾಪಲ್ಲಿ ಬಂದ ಫೋಟೋ ನಡೆಯೋದಿಲ್ಲ. ಅಮ್ಮನಿಗೆ ಓಡಾಡೋಕೆ ಆಗದಿದ್ರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ಮಾಡಿಕೊಡೋ ಅವಕಾಶ ಕಾಯ್ದೆಯಲ್ಲೇ ಇದೆ, ಕೇಳಿ.

ಬರೆಸುವಾಗ 'ಎಲ್ಲಾ ವ್ಯವಹಾರ ಮಾಡತಕ್ಕದ್ದು' ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ, ಕೋರ್ಟು ಜಿಪಿಎನ ಬಿಗಿಯಾಗಿ ಓದ್ತದೆ, ನೋಡಿಕೊಳ್ಳೋ ಅಧಿಕಾರದಲ್ಲಿ ಮಾರೋ ಅಧಿಕಾರ ಇದೆ ಅಂತ ಊಹೆ ಮಾಡೋದಿಲ್ಲ. ಮಾರೋದು, ದುಡ್ಡು ತಗೊಳ್ಳೋದು, ಡೀಡ್ ರಿಜಿಸ್ಟ್ರೇಷನ್ನಿಗೆ ಹಾಜರುಪಡಿಸೋದು, ಒಂದೊಂದೂ ಬೇರೆ ಬೇರೆ ಬರಲಿ. ಆಸ್ತಿಯ ವಿವರ ಬರೆಯೋ ಶೆಡ್ಯೂಲಲ್ಲಿ ಸರ್ವೆ ನಂಬರ್, ಹಿಸ್ಸಾ (ಅದರೊಳಗಿನ ಪಾಲಿನ ನಂಬರ್), ಕ್ಷೇತ್ರ, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಪಹಣಿ ನೋಡಿ ತುಂಬಿಸಿ, ಖಾಲಿ ಜಾಗ ಬಿಟ್ಟು ಯಾರೂ ಸೈನ್ ಹಾಕೋದು ಬೇಡ. ಮತ್ತೆ ದುಡ್ಡಿನ ಲೆಕ್ಕ ಇಟ್ಕೊಳ್ಳಿ, ಅಕ್ಕ ಕೇಳಿದ ದಿನ ಕೊಡೋದು ನಿಮ್ಮ ಕಾನೂನುಬದ್ಧ ಕರ್ತವ್ಯ, ನಾವು ನಾವೇ ಅಲ್ವಾ ಅನ್ನೋದು ಕಾಂಟ್ರಾಕ್ಟ್ ಆ್ಯಕ್ಟಿನ 213ನೇ ಸೆಕ್ಷನ್ನಿಗೆ ಗೊತ್ತಿಲ್ಲ.

ನೀವು ಕೇಳದೇ ಇದ್ದಿದ್ದು, ಆದ್ರೆ ಶೆಡ್ಯೂಲ್ ತುಂಬಿಸುವಾಗ ಕಣ್ಣಿಗೆ ಬೀಳೋದು: ತೋಟದ ಜೊತೆ ಸೊಪ್ಪಿನ ಬೆಟ್ಟನೂ (ತೋಟಕ್ಕೆ ಸೊಪ್ಪು ತರೋ ಕಾಡು) ಇರ್ತದಲ್ಲ, ಅದನ್ನ ಸ್ವಂತ ಜಮೀನು ಅಂತ ಎಕರೆ ಲೆಕ್ಕದಲ್ಲಿ ಮಾರಾಟಕ್ಕೆ ಸೇರಿಸ್ತಾರೆ. ಬೆಟ್ಟ ಸರ್ಕಾರದ ಅರಣ್ಯ. ಸೊಪ್ಪು, ದರಕು (ಒಣಗಿದ ಎಲೆ) ತರೋ ಸವಲತ್ತು ತೋಟಕ್ಕೆ ಅಂಟಿಕೊಂಡು ಬಂದದ್ದು, ಅಪ್ಪನಿಗೇ ಇಲ್ಲದ ಮಾಲೀಕತ್ವವನ್ನ ಯಾವ ಜಿಪಿಎ ಹಿಡ್ಕೊಂಡು ಮಾರ್ತೀರಿ? ಪಾರ್ಟಿಗೆ ಬೆಟ್ಟ ತೋರಿಸಿ ರೇಟು ಮಾತಾಡಿದ್ರೆ, ಅಡ್ವಾನ್ಸ್ ತಗೊಳ್ಳೋ ಮೊದ್ಲೇ ಇದನ್ನ ಅವರಿಗೆ ಹೇಳಿಬಿಡಿ.